ಬಿಸಿಯಾದರೆ ಸ್ಟಾರ್ಟ್ ಆಗದ ಹಳೆ ಬುಲೆಟ್: ಮೊದಲು ಅಮೀಟರ್ ಮುಳ್ಳು ನೋಡಿ

ಮಾರ್ಚ್ ಮುಗಿಯುತ್ತಿದ್ದಂತೆ ವಿಜಯಪುರದಲ್ಲಿ ಹಳೆ ಬುಲೆಟ್ ಇಟ್ಟವರೆಲ್ಲರ ದೂರು ಒಂದೇ. ಬೆಳಗ್ಗೆ ಒಂದೇ ಕಿಕ್‌ಗೆ ಗಾಡಿ ಸ್ಟಾರ್ಟ್. ಗಾಂಧಿ ಚೌಕದಲ್ಲಿ ನಿಲ್ಲಿಸಿ, ಸಂತೆ ಮುಗಿಸಿ, ಚೀಲ ಹಿಡಿದು ಬಂದು ಕಿಕ್ ಹೊಡೆದರೆ ಜಪ್ಪಯ್ಯ ಅಂದರೂ ಇಲ್ಲ. ಅರ್ಧ ಗಂಟೆ ನೆರಳಿಗೆ ತಳ್ಳಿ ನಿಲ್ಲಿಸಿ, ಚಹಾ ಕುಡಿದು ಬಂದರೆ ಮತ್ತೆ ಒಂದೇ ಕಿಕ್! ಮಿಸ್ತ್ರಿ ಹತ್ತಿರ ಒಯ್ಯುವಷ್ಟರಲ್ಲಿ ಇಂಜಿನ್ ಆರಿರುತ್ತದೆ, ಅಲ್ಲಿ ಚೆನ್ನಾಗಿಯೇ ಓಡುತ್ತದೆ. ಆತ ಕಾರ್ಬೊರೇಟರ್ ತೊಳೆದು, ಹೊಸ ಪ್ಲಗ್ ಹಾಕಿ ಕಳಿಸುತ್ತಾನೆ. ಎರಡು ದಿನಕ್ಕೆ ಮತ್ತೆ ಅದೇ ರಾಗ.

ಈ ಬರಹ ಕಾಸ್ಟ್ ಐರನ್ ಇಂಜಿನ್ನಿನ, ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಸಣ್ಣ ಸ್ವಿಚ್) ಇರುವ 350 ಸಿಸಿ ಬುಲೆಟ್‌ಗೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಇಲ್ಲಿ ಹೇಳಿದ ಅರ್ಧ ಭಾಗ ನಿಮಗೆ ಹೊಂದುವುದಿಲ್ಲ. ಬ್ಯಾಟರಿ 6 ವೋಲ್ಟ್ ಇರಲಿ, 12 ವೋಲ್ಟ್ ಇರಲಿ, ಪರೀಕ್ಷೆ ಮಾತ್ರ ಒಂದೇ.

ನನ್ನ ಅನುಭವದಲ್ಲಿ ಇಂಥ ದೂರು ಬಂದಾಗ ಕಾರ್ಬೊರೇಟರ್ ಮೇಲೆ ಕೈ ಹಾಕುವುದು ಕೊನೆಯ ಕೆಲಸ. ಬುಲೆಟ್‌ನಲ್ಲಿ ಕಂಪನಿಯವರೇ ಕೊಟ್ಟ ಒಂದು ಪರೀಕ್ಷಾ ಯಂತ್ರ ನಿಮ್ಮ ಕಣ್ಣೆದುರಿಗೇ ಇದೆ. ಅದೇ ಹೆಡ್‌ಲೈಟ್ ಮೇಲಿನ ಅಮೀಟರ್, ಅಂದರೆ ಬ್ಯಾಟರಿಯ ಕರೆಂಟ್ ಹರಿಯುವುದನ್ನು ತೋರಿಸುವ ಮುಳ್ಳಿನ ಮೀಟರ್. ಸುಮಾರು ಜನ ಅದನ್ನು ಶೋಕಿಗೆ ಇಟ್ಟಿದ್ದಾರೆ ಅಂದುಕೊಂಡಿರುತ್ತಾರೆ. ಮುಳ್ಳು ಸತ್ತು ಎಷ್ಟು ವರ್ಷ ಆಯಿತು ಅನ್ನುವುದೂ ಗೊತ್ತಿರಲ್ಲ. ನಿಮ್ಮದೂ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ. ಉಳಿದ ಕೆಲಸ ಅರ್ಧ ಮುಗಿದಂತೆ.

ಮುಳ್ಳು ಏನು ಹೇಳುತ್ತದೆ

ಬ್ಯಾಟರಿಯಿಂದ ಹೊರಟ ಕರೆಂಟ್ ಅಮೀಟರ್ ಹಾದು, ಕೀಲಿ ಸ್ವಿಚ್ ದಾಟಿ, ಕಾಯಿಲ್ ಒಳಗಿನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿದು, ಪಾಯಿಂಟ್ ಮೂಲಕ ಇಂಜಿನ್ ಬಾಡಿಗೆ, ಅಂದರೆ ಅರ್ತ್‌ಗೆ ಸೇರುತ್ತದೆ. ಪಾಯಿಂಟ್ ಕೂಡಿದ್ದಾಗ ಸುಮಾರು 3-4 ಆಂಪಿಯರ್ ಹರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು ನಿಲ್ಲುತ್ತದೆ. ಆ ನಿಲ್ಲುವ ಹೊಡೆತಕ್ಕೇ ಕಾಯಿಲ್‌ನ ಸಣ್ಣ ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ.

ಈಗ ಪರೀಕ್ಷೆ. ಲೈಟ್ ಎಲ್ಲಾ ಆರಿಸಿ. ಬ್ರೇಕ್ ಪೆಡಲ್ ಮೇಲೆ ಕಾಲಿಡಬೇಡಿ, ಬ್ರೇಕ್ ಲೈಟ್ ಹತ್ತಿದರೆ ಮುಳ್ಳು ಸುಳ್ಳು ಹೇಳುತ್ತದೆ. ಕೀಲಿ ಆನ್ ಮಾಡಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಹೊರಬಿಡುವ ಲಿವರ್) ಹಿಡಿದು, ಕಿಕ್ಕರನ್ನು ಕೈಯಿಂದಲೋ ಕಾಲಿಂದಲೋ ನಿಧಾನವಾಗಿ ಒತ್ತುತ್ತಾ ಹೋಗಿ. ಪಾಯಿಂಟ್ ಕೂಡಿದಾಗ ಮುಳ್ಳು ಮೈನಸ್ ಕಡೆ ಬೀಳಬೇಕು. ತೆರೆದಾಗ ಸೊನ್ನೆಗೆ ಬರಬೇಕು. ಬೀಳೋದು, ಏಳೋದು, ಮತ್ತೆ ಬೀಳೋದು. ಹೀಗೆ ಆಡುತ್ತಿದ್ದರೆ ಬ್ಯಾಟರಿಯಿಂದ ಪಾಯಿಂಟ್‌ವರೆಗಿನ ದಾರಿ ಸರಿ ಇದೆ ಎಂದರ್ಥ. ಮುಳ್ಳು ಅಲ್ಲಾಡದಿದ್ದರೆ ದಾರಿ ಎಲ್ಲೋ ಕಡಿದಿದೆ. ಮೈನಸ್‌ನಲ್ಲೇ ಅಂಟಿ ಕೂತರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಾಯಿಲ್ ಆಚೆ ಎಲ್ಲೋ ಶಾರ್ಟ್ ಆಗಿದೆ. ಕೀಲಿ ತಿರುಗಿಸಿದ ಕೂಡಲೇ ಮುಳ್ಳು ತುದಿಗೆ ಹೋಗಿ ಬಡಿದರೆ ತಕ್ಷಣ ಆಫ್ ಮಾಡಿ. ಅದು ಕಾಯಿಲ್‌ಗೂ ಮೊದಲಿನ ಶಾರ್ಟ್. ವೈರಿಂಗ್ ಸುಡುತ್ತದೆ.

ಒಂದು ಎಚ್ಚರಿಕೆ. ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ಕೀಲಿ ಆನ್ ಬಿಟ್ಟು ಹರಟೆ ಹೊಡೆಯುತ್ತಾ ನಿಲ್ಲಬೇಡಿ. ಕಾಯಿಲ್ ಕಾದು ಹಾಳಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಎಷ್ಟೋ ಕಾಯಿಲ್‌ಗಳು ಓಡಿ ಸಾಯುವುದಿಲ್ಲ, ಹೀಗೆ ನಿಂತಲ್ಲೇ ಸಾಯುತ್ತವೆ.

ಮುಳ್ಳು ಅಲ್ಲಾಡಲ್ಲ

ಬ್ಯಾಟರಿಯಿಂದ ಶುರು ಮಾಡಿ. ನಮ್ಮ ಕಡೆ ಬೇಸಿಗೆಯಲ್ಲಿ ಬ್ಯಾಟರಿ ನೀರು ಬೇಗ ಆರುತ್ತದೆ. ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇದೆಯಾ ನೋಡಿ. ಬೋರ್ ನೀರು ಹಾಕಿದರೆ ಆ ಬ್ಯಾಟರಿಯ ಆಸೆ ಬಿಟ್ಟುಬಿಡಿ. 12 ವೋಲ್ಟ್ ಬ್ಯಾಟರಿ ಸುಮ್ಮನೆ ನಿಂತಾಗ ಮೀಟರಿನಲ್ಲಿ 12.6ರ ಹತ್ತಿರ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದ ಪರೀಕ್ಷೆ ಆಮೇಲೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಬಿಸಿ ನೀರು ಹಾಕಿ ಉಜ್ಜಿ. ಫ್ಯೂಸ್ ಕಣ್ಣಿಗೆ ಚೆನ್ನಾಗಿ ಕಂಡರೂ ಅದರ ಹಿಡಿಕೆಯೊಳಗೆ ಕಿಲುಬು ಇರುತ್ತದೆ.

ಮುಂದಿನದು ಅರ್ತ್. ಇದನ್ನು ಒತ್ತಿ ಹೇಳುತ್ತೇನೆ. ಈಗ ಎಲ್ಲರೂ ಹಳೆ ಗಾಡಿ ಬಿಚ್ಚಿ, ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿ, ಫಳಫಳ ಹೊಳೆಯುವಂತೆ ಜೋಡಿಸುತ್ತಾರೆ. ಪೌಡರ್ ಕೋಟಿಂಗ್ ಕರೆಂಟನ್ನು ಬಿಡುವುದಿಲ್ಲ. ಬ್ಯಾಟರಿಯ ಅರ್ತ್ ವೈರ್ ಬೋಲ್ಟ್ ಮಾಡಿದ ಜಾಗದಲ್ಲಿ, ಇಂಜಿನ್ ಚಾಸಿಗೆ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಬೇಕು. ಇಲ್ಲದಿದ್ದರೆ ಗಾಡಿ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆಗಲ್ಲ. ನಾನಾದರೆ ಬ್ಯಾಟರಿಯಿಂದ ಇಂಜಿನ್ ಬೋಲ್ಟ್‌ಗೆ ನೇರವಾಗಿ ಒಂದು ದಪ್ಪ ವೈರ್ ಎಳೆದುಬಿಡುತ್ತೇನೆ. ಮೂಲ ಗಾಡಿಯಲ್ಲಿ ಹೀಗಿರಲಿಲ್ಲ ಅಂತ ಕೆಲವರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ.

ಆಮೇಲೆ ಹ್ಯಾಂಡಲ್. ಕೀಲಿ ಆನ್ ಮಾಡಿ, ಪಾರ್ಕಿಂಗ್ ಲೈಟ್ ಹಚ್ಚಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಮುಳ್ಳು ಜಿಗಿದರೆ ಅಥವಾ ಲೈಟ್ ಮಿಣುಕಿದರೆ ಹೆಡ್‌ಲೈಟ್ ಡೂಮ್ ಹಿಂದೆ ಬಾಗುವ ಜಾಗದಲ್ಲಿ ವೈರ್ ಒಳಗೊಳಗೇ ಕಡಿದಿದೆ. ಹೊರಗಿನ ರಬ್ಬರ್ ಹಾಗೇ ಇರುತ್ತದೆ, ಒಳಗಿನ ತಾಮ್ರದಲ್ಲಿ ಒಂದೋ ಎರಡೋ ಎಳೆ ಉಳಿದಿರುತ್ತವೆ. ಅಮೀಟರ್ ಹಿಂದಿನ ನಟ್‌ಗಳನ್ನೂ ಬಿಗಿ ಮಾಡಿ. ಇಡೀ ಗಾಡಿಯ ಕರೆಂಟ್ ಆ ಎರಡು ನಟ್ ಮೇಲೇ ಓಡಾಡುತ್ತದೆ. ಈ ಗಾಡಿಯ ಕಂಪನಕ್ಕೆ ಅವು ಸಡಿಲ ಆಗದಿದ್ದರೆ ಅದೇ ಆಶ್ಚರ್ಯ.

ದಾರಿಯ ದೋಷವಾ, ಕಾಯಿಲ್-ಪಾಯಿಂಟ್ ದೋಷವಾ ಬೇರೆ ಮಾಡಲು ಸುಲಭದ ಉಪಾಯ ಇದೆ. ಒಂದು ವೈರ್ ತೆಗೆದುಕೊಂಡು ಬ್ಯಾಟರಿಯ ಜೀವಂತ ತುದಿಯಿಂದ ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ಗೆ ನೇರವಾಗಿ ಕೊಡಿ. ಗಾಡಿ ಸ್ಟಾರ್ಟ್ ಆದರೆ ಕಾಯಿಲ್, ಪಾಯಿಂಟ್ ಎರಡೂ ಸರಿ. ಕೀಲಿ ಸ್ವಿಚ್, ಅಮೀಟರ್, ಫ್ಯೂಸ್, ವೈರಿಂಗ್, ಈ ನಾಲ್ಕರಲ್ಲೇ ಹುಡುಕಿ. ಗಾಡಿ ನಿಲ್ಲಿಸಬೇಕಾದರೆ ಆ ವೈರ್ ಕೀಳಬೇಕು. ಕೀಲಿಗೆ ಅದು ಬಗ್ಗುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಮುಳ್ಳು ಬೀಳದಿದ್ದರೆ ಪಾಯಿಂಟ್ ಕೊಳೆಯಾಗಿದೆ. ಆರು ತಿಂಗಳು ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಇದು ಮಾಮೂಲಿ. ನುಣುಪಾದ ಪಾಲಿಶ್ ಪೇಪರಿನ ಚೂರು ಮಡಚಿ ನಡುವೆ ತೂರಿಸಿ ಎರಡು ಸಲ ಎಳೆಯಿರಿ. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದ ಎಳೆಯಿರಿ. ಕಾಗದ ಬಿಳಿಯಾಗಿಯೇ ಹೊರಬರುವ ತನಕ ಎಳೆಯಿರಿ. ಹೊಸ ಪಾಯಿಂಟ್ ಹಾಕುವಾಗಲೂ ಇದು ಬೇಕು. ತುಕ್ಕು ಹಿಡಿಯಬಾರದು ಅಂತ ಅದರ ಮೇಲೆ ಎಣ್ಣೆ ಪದರ ಸವರಿರುತ್ತಾರೆ. ಅದನ್ನು ಒರೆಸದೆ ಹಾಕಿ, ಹೊಸ ಪಾಯಿಂಟೇ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳ ಆಡುವವರಿದ್ದಾರೆ.

ಮುಳ್ಳು ಮೈನಸ್‌ನಲ್ಲೇ ಅಂಟಿದೆ

ಪಾಯಿಂಟ್ ಕೂತಿರುವ ಡಬ್ಬಿ, ಅಂದರೆ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆಯಿರಿ. ಸಿಲಿಂಡರ್ ಹಿಂದೆ, ಬಲಗಡೆ ಇರುತ್ತದೆ. ಕಿಕ್ಕರ್ ಒತ್ತುತ್ತಾ ನೋಡಿ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.35ರಿಂದ 0.40 ಮಿ.ಮೀ. ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟೇ ನೋಡಿ, ಕಣ್ಣಳತೆ ಬೇಡ. ಕ್ಯಾಮ್ ಮೇಲೆ ಜಾರುವ ಫೈಬರ್ ತುಂಡು ಸವೆದಂತೆ ಸಂದು ಕಡಿಮೆಯಾಗುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದಕ್ಕೆ ಸರಿಯುತ್ತದೆ, ಕೊನೆಗೆ ಪಾಯಿಂಟ್ ತೆರೆಯುವುದೇ ಇಲ್ಲ. ಕ್ಯಾಮ್‌ಗೆ ಬೆರಳ ತುದಿಯಷ್ಟು ಗ್ರೀಸ್ ಸಾಕು. ಜಾಸ್ತಿ ಹಚ್ಚಿದರೆ ಅದು ಹಾರಿ ಪಾಯಿಂಟ್ ಮೇಲೇ ಕೂರುತ್ತದೆ.

ಪಾಯಿಂಟ್ ತೆರೆಯುತ್ತಿದ್ದರೂ ಮುಳ್ಳು ಏಳದಿದ್ದರೆ ಎರಡೇ ಅನುಮಾನ. ಒಂದು, ಸಣ್ಣ ಫೈಬರ್ ವಾಷರ್‌ಗಳು. ಪಾಯಿಂಟ್‌ಗೆ ಬರುವ ವೈರ್ ಬಾಡಿಗೆ ತಾಗದಂತೆ ಅವೇ ತಡೆಯುವುದು. ಹೊಸ ಪಾಯಿಂಟ್ ಹಾಕಿಸಿದ ಮರುದಿನವೇ ಗಾಡಿ ಸತ್ತಿದ್ದರೆ ಒಂದು ವಾಷರ್ ಅದಲುಬದಲಾಗಿದೆ, ಇಲ್ಲವೇ ವರ್ಕ್‌ಶಾಪ್ ನೆಲದ ಮೇಲೆ ಉರುಳಿ ಹೋಗಿದೆ. ಇನ್ನೊಂದು ಅನುಮಾನ ಕಂಡೆನ್ಸರ್, ಅಂದರೆ ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಸುಡದಂತೆ ತಡೆಯುವ ಸಣ್ಣ ಡಬ್ಬಿ. ಅದರ ವೈರ್ ಬಿಚ್ಚಿ ಮತ್ತೆ ನೋಡಿ. ಮುಳ್ಳು ಆಡತೊಡಗಿದರೆ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಬದಲಿಸಿ.

ಮುಳ್ಳು ಆಡುತ್ತದೆ, ಕಿಡಿ ಇಲ್ಲ

ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್‌ಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ. ಕೈಯಲ್ಲಿ ಹಿಡಿಯುವ ಸಾಹಸ ಬೇಡ. ಕಿಡಿ ನೀಲಿ ಬಣ್ಣದಲ್ಲಿ, ಚಟ್ ಅಂತ ಕೇಳುವಂತೆ ಬರಬೇಕು. ಹಳದಿ, ಸಣಕಲು ಕಿಡಿ ಗಾಳಿಯಲ್ಲಿ ಕಂಡರೂ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಆರಿಹೋಗುತ್ತದೆ.

ಕಿಡಿ ಇಲ್ಲದಿದ್ದರೆ ಪ್ಲಗ್ ಕ್ಯಾಪ್ ತಿರುಗಿಸಿ ತೆಗೆದು, ಬರೀ ವೈರ್ ತುದಿಯನ್ನು ಒಣ ಮರದ ಕ್ಲಿಪ್ಪಿನಲ್ಲಿ ಹಿಡಿದು ಇಂಜಿನ್ನಿನಿಂದ 5 ಮಿ.ಮೀ. ದೂರ ಇಟ್ಟು ನೋಡಿ. ಈಗ ಕಿಡಿ ಬಂದರೆ ಕ್ಯಾಪ್ ಅಥವಾ ಪ್ಲಗ್ ಕೆಟ್ಟಿದೆ. ವೈರ್ ತುದಿ ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ಪ್ಲಗ್ ಸಂದು 0.6 ಮಿ.ಮೀ. ಹತ್ತಿರ ಇರಲಿ. ಹೊಸ ಪ್ಲಗ್ ಅಂದರೆ ಒಳ್ಳೆ ಪ್ಲಗ್ ಅಂತ ನಂಬಬೇಡಿ. ನಕಲಿ ಮಾಲು ಬೇಕಾದಷ್ಟು ಇದೆ. ಇದೇ ಗಾಡಿಯಲ್ಲಿ ಓಡಿ ಗೊತ್ತಿರುವ ಹಳೆ ಪ್ಲಗ್ ಒಂದನ್ನು ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ.

ಬಿಸಿಯಾದಾಗ ಮಾತ್ರ ಕೈಕೊಟ್ಟರೆ

ಇದೇ ನಮ್ಮ ಊರಿನ ನಿಜವಾದ ಸಮಸ್ಯೆ. ಗಾಡಿ ಸತ್ತ ಜಾಗದಲ್ಲೇ, ಸತ್ತ ಐದು ನಿಮಿಷದೊಳಗೆ ಪರೀಕ್ಷೆ ಮಾಡಬೇಕು. ತಣ್ಣಗಾದ ಮೇಲೆ ಏನು ಅಳೆದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮಲ್ಟಿಮೀಟರಿನಲ್ಲಿ ಸರಿ ಓಮ್ ತೋರಿಸಿದ ಕಾಯಿಲ್ ಬಿಸಿಲಲ್ಲಿ ಅರ್ಧ ಗಂಟೆ ಓಡಿದ ಮೇಲೂ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಗಾಡಿ ನಿಂತಿತು. ಇಳಿದ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಇದು ಇಗ್ನಿಷನ್ ದೋಷವೇ ಅಲ್ಲ. ಮುಚ್ಚಳದಲ್ಲಿರುವ ಗಾಳಿ ತೂತು ಧೂಳಿನಿಂದ ಕಟ್ಟಿದೆ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಟ್ಯಾಂಕಿನೊಳಗೆ ಗಾಳಿ ಇಲ್ಲದೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ, ಸುಮ್ಮನೆ ನಿಂತರೆ ನಿಧಾನಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಥೇಟ್ ಬಿಸಿಯ ದೋಷದ ಹಾಗೇ ಕಾಣುತ್ತದೆ. ಇದಕ್ಕೆ ಹೊಸ ಕಾಯಿಲ್ ಹಾಕಿಸಿದವರನ್ನು ನೋಡಿದ್ದೇನೆ. ಒಂದು ಸೂಜಿಯಲ್ಲಿ ಮುಗಿಯುವ ಕೆಲಸ.

ಮುಚ್ಚಳ ಸರಿ ಇದ್ದರೆ ಅಮೀಟರ್ ಪರೀಕ್ಷೆ, ಕಿಡಿ ಪರೀಕ್ಷೆ. ಮುಳ್ಳು ಆಡುತ್ತಿದೆ, ಕಿಡಿ ಹಳದಿ ಅಥವಾ ಇಲ್ಲವೇ ಇಲ್ಲ ಅಂದರೆ ಕಾಯಿಲ್ ಅಥವಾ ಕಂಡೆನ್ಸರ್. ಎರಡೂ ಬಿಸಿಗೆ ಹೆದರುವಂಥವೇ. ಆದರೆ ಪಾಯಿಂಟ್ ಜೊತೆಗೇ, ಸಿಲಿಂಡರಿನ ಪಕ್ಕದಲ್ಲೇ ಕೂತು ಬೇಯುವುದು ಕಂಡೆನ್ಸರ್. ನಾನು ಮೊದಲು ಅದನ್ನೇ ಹಿಡಿಯುತ್ತೇನೆ.

ಗೆಳೆಯನೊಬ್ಬನ ಗಾಡಿ ಮೇ ತಿಂಗಳಲ್ಲಿ ಬಬಲೇಶ್ವರ ದಾಟುವಷ್ಟರಲ್ಲಿ ನಿಂತುಬಿಡುತ್ತಿತ್ತು. ಪ್ಲಗ್, ಕಾಯಿಲ್, ಕಾರ್ಬೊರೇಟರ್ ಕಿಟ್, ಎಲ್ಲ ಬದಲಾಗಿದ್ದವು. ಒಂದು ಮಧ್ಯಾಹ್ನ ಬೇಕಂತಲೇ ಅದೇ ರಸ್ತೆಯಲ್ಲಿ ಹೋದೆವು. ಗಾಡಿ ಹೇಳಿದ ಮಾತಿಗೆ ತಪ್ಪದೆ ನಿಂತಿತು. ಬೇವಿನ ಮರದ ಕೆಳಗೆ ತಳ್ಳಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಅಂಗಿಯಿಂದ ಬಿಸಿಲು ಮರೆಮಾಡಿ, ಆತ ಕಿಕ್ ಹೊಡೆಯುವಾಗ ನಾನು ಪಾಯಿಂಟ್ ನೋಡಿದೆ. ತೆರೆದ ಪ್ರತಿ ಸಲವೂ ಪಾಯಿಂಟ್ ನಡುವೆ ದಪ್ಪ ನೀಲಿ ಬೆಂಕಿ. ಸರಿ ಇರುವ ಗಾಡಿಯಲ್ಲಿ ಅಲ್ಲಿ ಕಾಣುವುದು ಸೂಜಿಮೊನೆಯಷ್ಟು ಕಿಡಿ ಮಾತ್ರ. ಪ್ಲಗ್‌ಗೆ ಹೋಗಬೇಕಾದ ಶಕ್ತಿ ಅಲ್ಲೇ ಸುಟ್ಟು ಹೋಗುತ್ತಿತ್ತು. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬಟು ಎದ್ದಿತ್ತು. ಅದೂ ಕಂಡೆನ್ಸರ್ ಕಡೆಗೇ ಬೆರಳು ತೋರಿಸುತ್ತಿತ್ತು. ಹಳೆ ಕಂಡೆನ್ಸರ್ ವೈರ್ ಬಿಚ್ಚಿ, ಜೇಬಿನಲ್ಲಿದ್ದ ಇನ್ನೊಂದು ಕಂಡೆನ್ಸರನ್ನು ಹೊರಗಿನಿಂದಲೇ ಕಟ್ಟಿದೆವು. ಅದರ ವೈರ್ ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ಟರ್ಮಿನಲ್‌ಗೆ, ಅದರ ಡಬ್ಬಿ ಅರ್ತ್ ಆಗುವಂತೆ ಚಾಸಿಯ ಬೋಲ್ಟ್‌ಗೆ. ಎರಡನೇ ಕಿಕ್‌ಗೆ ಸ್ಟಾರ್ಟ್. ಜಮಖಂಡಿಗೆ ಹೋಗಿ ಬಂದೆವು.

ಈ ಹೊರಗೆ ಕಟ್ಟುವ ಉಪಾಯ ಹಳೆ ಮಿಸ್ತ್ರಿಗಳದ್ದೇ. ಬುಲೆಟ್‌ನದೇ ಸಿಗದಿದ್ದರೆ ಹಳೆ ಪೆಟ್ರೋಲ್ ಜೀಪ್ ಅಥವಾ ಅಂಬಾಸಿಡರ್ ಕಂಡೆನ್ಸರ್ ಕೂಡ ಮನೆ ಮುಟ್ಟಿಸುತ್ತದೆ. ಇವೆಲ್ಲ 0.2 ಮೈಕ್ರೋಫ್ಯಾರಡ್ ಆಸುಪಾಸಿನವೇ. ಸಿಲಿಂಡರಿನಿಂದ ದೂರ, ಕಾಯಿಲ್ ಪಕ್ಕದಲ್ಲೇ ಅದನ್ನು ಖಾಯಂ ಇಟ್ಟುಬಿಟ್ಟರೂ ನಡೆಯುತ್ತದೆ. ನಮ್ಮ ಬಿಸಿಲಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕಂಡೆನ್ಸರ್ ಬದಲಿಸಿದರೂ ಕಿಡಿ ಬರದಿದ್ದರೆ ಕೀಲಿ ಆಫ್ ಮಾಡಿ, ಟರ್ಮಿನಲ್‌ಗೆ ನೀರು ತಾಗದಂತೆ ಕಾಯಿಲ್ ಮೇಲೆ ಒದ್ದೆ ಬಟ್ಟೆ ಸುತ್ತಿ. ಐದು ನಿಮಿಷದಲ್ಲಿ ಕಿಡಿ ಮರಳಿ ಬಂದರೆ ಕಾಯಿಲ್ ಹೋಗಿದೆ. ಬಿಸಿಗೆ ಒಳಗಿನ ತಂತಿ ಅಥವಾ ಅದರ ಹೊದಿಕೆ ಬಿಟ್ಟುಕೊಡುತ್ತದೆ, ತಣಿದರೆ ಮತ್ತೆ ಕೂಡುತ್ತದೆ. ಇದಕ್ಕೆ ರಿಪೇರಿ ಇಲ್ಲ. 6 ವೋಲ್ಟ್ ಗಾಡಿಗೆ 6 ವೋಲ್ಟಿನದೇ ಕಾಯಿಲ್ ಹಾಕಬೇಕು ಅನ್ನುವುದನ್ನು ಮರೆಯಬೇಡಿ.

ಕಿಡಿ ಗಟ್ಟಿ ಇದೆ, ಆದರೂ ಹತ್ತಲ್ಲ

ಐದಾರು ಕಿಕ್ ಹೊಡೆದು ಪ್ಲಗ್ ತೆಗೆದು ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಕಾಕ್, ಕಾರ್ಬೊರೇಟರಿನ ಫ್ಲೋಟ್, ಪೈಲಟ್ ಜೆಟ್ ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಹಳೆ ಪೆಟ್ರೋಲ್ ಸುರಿದು ಹೊಸದು ಹಾಕಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಪ್ಲಗ್ ತೊಯ್ದಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ಬಿಸಿಲಲ್ಲಿ ನಿಂತ ಗಾಡಿಯ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಕಾದು ತಾನಾಗಿಯೇ ಉಕ್ಕುತ್ತದೆ. ಕಾಕ್ ಮುಚ್ಚಿ, ಕೀಲಿ ಆಫ್ ಮಾಡಿ, ಪೂರ್ತಿ ಥ್ರಾಟಲ್ ತಿರುಗಿಸಿ, ಡಿಕಂಪ್ರೆಸರ್ ಹಿಡಿದು ಕೆಲವು ಕಿಕ್ ಹೊಡೆದರೆ ಒಳಗೆ ಒಣಗುತ್ತದೆ. ಬಿಸಿ ಇಂಜಿನ್‌ಗೆ ಚೋಕ್ ಎಳೆಯುವ ಚಟ ಬಿಡಿ.

ಕಿಕ್ಕರ್ ತಿರುಗಿ ಕಾಲಿಗೆ ಒದೆಯುತ್ತಿದ್ದರೆ ಟೈಮಿಂಗ್ ಮುಂದಿದೆ, ಅಥವಾ ವೇಗ ಏರಿದಂತೆ ಕಿಡಿಯನ್ನು ಮುಂಚಿತಗೊಳಿಸುವ ಅಡ್ವಾನ್ಸ್ ಯೂನಿಟ್‌ನ ತೂಕಗಳು ಹೊರಕ್ಕೆ ಸಿಕ್ಕಿಕೊಂಡಿವೆ. ಪಾಯಿಂಟ್ ಪ್ಲೇಟ್ ತೆಗೆದು ಆ ತೂಕಗಳನ್ನು ಬೆರಳಿನಿಂದ ಆಡಿಸಿ. ಸ್ಪ್ರಿಂಗ್ ಎಳೆದು ತಾನಾಗಿಯೇ ಒಳಗೆ ಬರಬೇಕು. ತೂಕ ಪೂರ್ತಿ ಒಳಗಿದ್ದಾಗ, ಪಿಸ್ಟನ್ ಮೇಲ್ತುದಿ ಮುಟ್ಟಲು ಇನ್ನೂ 0.8 ಮಿ.ಮೀ. ಇರುವಾಗ ಪಾಯಿಂಟ್ ತೆರೆಯತೊಡಗಬೇಕು. ಇಲ್ಲೂ ಅಮೀಟರೇ ಸಾಕ್ಷಿ. ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಮುಳ್ಳು ಸೊನ್ನೆಗೆ ಜಿಗಿದ ಜಾಗವೇ ಪಾಯಿಂಟ್ ತೆರೆದ ಜಾಗ.

ಕಿಕ್ಕರ್ ಬೆಣ್ಣೆಯಂತೆ ಇಳಿದರೆ ಕಂಪ್ರೆಷನ್ ಇಲ್ಲ. ರಿಂಗ್, ಬೋರ್ ಅಂತ ಗಾಬರಿ ಆಗುವ ಮೊದಲು ಡಿಕಂಪ್ರೆಸರ್ ಕೇಬಲ್ ಬಿಗಿಯಾಗಿದೆಯಾ ನೋಡಿ. ಸ್ವಲ್ಪ ಎಳೆದುಕೊಂಡಿದ್ದರೂ ಆ ಸಣ್ಣ ವಾಲ್ವ್ ತುಸ್ ಅನ್ನುತ್ತಲೇ ಇರುತ್ತದೆ. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವ್ ತೆರೆಸುವ ಪುಶ್‌ರಾಡ್‌ಗಳ ಸಂದು. ಇಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್ ಮೇಲ್ತುದಿಯಲ್ಲಿ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಎಕ್ಸಾಸ್ಟ್ ಕಡೆಯದು ತುಸು ಸಡಿಲ ಇರಲಿ. ಬಿಗಿ ಇದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಬಿಸಿಯಾದಾಗ ಕೈಕೊಡುವ ಗಾಡಿಗಳಲ್ಲಿ ಕೆಲವು ಇದೇ ಕಾರಣದವು.

ಹೊಸ ಪಾಯಿಂಟ್ ಹಾಕಿದ ಗಾಡಿಯನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಫೀಲರ್ ಗೇಜ್ ಇಟ್ಟು ನೋಡಿ. ಹೊಸ ಫೈಬರ್ ಮೊದಲಿಗೆ ಬೇಗ ಸವೆದು ಕ್ಯಾಮ್‌ಗೆ ಹೊಂದಿಕೊಳ್ಳುತ್ತದೆ, ಸಂದು ಕಡಿಮೆಯಾಗಿರುತ್ತದೆ. ಸಂದು ಸರಿಮಾಡಿದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಹಾಗಾಗಿ ಮೊದಲು ಸಂದು, ಆಮೇಲೆ ಟೈಮಿಂಗ್. ಅದಾದ ಮೇಲೆ ಡಿಸ್ಟ್ರಿಬ್ಯೂಟರ್ ಸ್ಕ್ರೂ ಬಿಗಿ ಮಾಡಿ ಮುಚ್ಚಳ ಹಾಕಿ.